ತ್ರೀಡಿ ಕಲಿಕೆ ಕಂಬದಿಂದ ಶುರುವಾಗಲಿ

ಮಾನ್ಯರೆ,

ಮಕ್ಕಳಿಗೆ ತ್ರೀಡಿ ಕಲಿಸಲು ಹೊರಡುವವರು ಮೊದಲ ದಿನವೇ ಬ್ಲೆಂಡರ್ ತೆರೆದು ಕೂರಿಸುತ್ತಾರೆ. ಒಳ್ಳೆಯ ತಂತ್ರಾಂಶವೇ, ಆದರೆ ಅದರ ನೂರೆಂಟು ಗುಂಡಿಗಳ ನಡುವೆ ಅಳತೆ, ಜೋಡಣೆಯ ಪಾಠ ಕಳೆದುಹೋಗುತ್ತದೆ. ಕೊಡಗಿನ ಶಾಲೆಗಳಿಗೆ ಓಪನ್‌ಸಿಮ್ಯುಲೇಟರ್ ಹೆಚ್ಚು ಒಗ್ಗುತ್ತದೆ. 2003ರಲ್ಲಿ ಬಂದ ಸೆಕೆಂಡ್ ಲೈಫ್ ಎಂಬ ತ್ರೀಡಿ ಆನ್‌ಲೈನ್ ಲೋಕದ ಮಾದರಿಯ ತಂತ್ರಾಂಶವದು, ಉಚಿತ. ಒಮ್ಮೆ ಇಳಿಸಿಕೊಂಡರೆ 256 ಮೀಟರ್ ಉದ್ದ, ಅಷ್ಟೇ ಅಗಲದ ಜಾಗ ಲ್ಯಾಪ್‌ಟಾಪ್‌ನಲ್ಲೇ ಸಿಗುತ್ತದೆ. ಕಕ್ಕಡ ಮಾಸದ ಮಳೆಗೆ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆ ಜಾಗವನ್ನು ಪರದೆಯಲ್ಲಿ ತೋರಿಸಿ ಒಳಹೋಗಲು ಬಿಡುವ ತಂತ್ರಾಂಶವಾಗಿ ಫೈರ್‌ಸ್ಟಾರ್ಮ್ ವ್ಯೂವರ್‌ನ ಓಪನ್‌ಸಿಮ್ ಆವೃತ್ತಿ ಸಾಕು.

ಕಟ್ಟಿ ಕಲಿಯಲು ಕೊಡಗಿನ ಹಿರಿಯರ ಮನೆಯಾದ ಐನ್‌ಮನೆಯ ಜಗಲಿ ಇದೆಯಲ್ಲ: ಕಂಬ, ಕಂಬಗಳ ನಡುವೆ ಕೂರುವ ಹಲಗೆಯಾದ ಐಮರ, ಇಳಿಜಾರು ಮಾಡು. ಕಂಟ್ರೋಲ್ ಜತೆ 4 ಒತ್ತಿ ನೆಲದ ಮೇಲೆ ಕ್ಲಿಕ್ಕಿಸಿದರೆ ಅರ್ಧ ಮೀಟರಿನ ಪ್ಲೈವುಡ್ ಪೆಟ್ಟಿಗೆ ಬರುತ್ತದೆ. ಅದನ್ನು ಎಳೆದಾಡಿ ಕಂಬ ಮಾಡಲು ಬಿಡಬಾರದು, ಉದ್ದ, ಅಗಲ, ಎತ್ತರಕ್ಕೆ 0.3, 0.3, 2.4 ಮೀಟರ್ ಎಂದು ಅಳತೆ ಟೈಪ್ ಮಾಡಿಸಬೇಕು. ಎಡವುವುದು ಎತ್ತರದಲ್ಲಿ. ಸ್ಥಾನದ ಅಂಕಿ ವಸ್ತುವಿನ ನಡುಮಧ್ಯದ್ದು, ಬುಡದ್ದಲ್ಲ. ಜಗಲಿಯ ನೆಲ 22ರಲ್ಲಿದ್ದರೆ ಕಂಬದ ಝಡ್, ಅಂದರೆ ಎತ್ತರದ ಅಂಕಿ, 23.2, 22 ಎಂದೇ ಕೊಟ್ಟರೆ ಅರ್ಧ ಕಂಬ ನೆಲದೊಳಗೆ. ಶಿಫ್ಟ್ ಹಿಡಿದು ಬಾಣ ಎಳೆದರೆ ಕಂಬದ ನಕಲು ಸಿಗುತ್ತದೆ. ನಡುವಿಂದ ನಡುವಿಗೆ 2.5 ಮೀಟರ್ ಇಟ್ಟರೆ ಐಮರ 2.2 ಇರಬೇಕು. ಅದೂ 2.5 ಇದ್ದು, ಅಗಲವೂ ಕಂಬದಷ್ಟೇ ಆದರೆ ಎರಡರ ಮುಖಗಳು ಒಂದೇ ಮಟ್ಟಕ್ಕೆ ಬಂದು ಆ ಜಾಗ ಮಿಟುಕತೊಡಗುತ್ತದೆ. ಹಲಗೆಯ ಅಗಲವನ್ನು 0.28ಕ್ಕೆ ಇಳಿಸಿದರೆ ನಿಲ್ಲುತ್ತದೆ.

ಕದದ್ದು ಬೇರೆಯೇ ತರಲೆ. ವಸ್ತು ತನ್ನ ನಡುವಿನ ಸುತ್ತ ತಿರುಗುವುದರಿಂದ ತೆರೆಯಲೆಂದು ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಹಾಕಿದ ಕದ ಗಿರಗಿಟ್ಲೆಯಂತೆ ಸುತ್ತುತ್ತದೆ. 1.2 ಮೀಟರ್ ಕದಕ್ಕೆ 2.4 ಮೀಟರ್ ಪೆಟ್ಟಿಗೆ ಮಾಡಿ, ವಸ್ತುವಿನ ಭಾಗ ಕತ್ತರಿಸುವ ಪಾತ್ ಕಟ್ ಆಯ್ಕೆಯಲ್ಲಿ 0.375 ಮತ್ತು 0.875 ಕೊಟ್ಟರೆ ಅರ್ಧ ಮಾಯವಾಗಿ ತಿರುಗಣೆ ಅಂಚಿಗೆ ಬರುತ್ತದೆ. ಐನ್‌ಮನೆಯ ತಗ್ಗು ಬಾಗಿಲನ್ನು ಹಾಗೇ ಉಳಿಸುವ ಹಟ ಮಾತ್ರ ಬೇಡ. ಕ್ಯಾಮೆರಾ ಇರುವುದು ಅವತಾರದ, ಅಂದರೆ ಅಲ್ಲಿ ನಮ್ಮ ಪರವಾಗಿ ಓಡಾಡುವ ಗೊಂಬೆಯ ಹಿಂದೆ, ತಲೆಗಿಂತ ಮೇಲೆ. ನೋಟ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಬಾಗಿಲು, ಕೋಣೆಗಳ ಎತ್ತರ ಒಂದೂವರೆ ಪಟ್ಟು ಇರಲಿ.

ಹೆಂಚುಗಳನ್ನು ಒಂದೊಂದಾಗಿ ಕಟ್ಟಿದರೆ ಲ್ಯಾಪ್‌ಟಾಪ್ ತೆವಳುತ್ತದೆ. 512 ಪಿಕ್ಸೆಲ್‌ನ ಚಚ್ಚೌಕ ಫೋಟೊ ಒಂದನ್ನೇ ಮಾಡಿನ ತುಂಬ ಮರುಕಳಿಸಿದರಾಯಿತು.

ಎಲ್ಲ ತುಂಡುಗಳನ್ನೂ ಆರಿಸಿ ಕಂಟ್ರೋಲ್ ಎಲ್ ಒತ್ತಿದರೆ ಒಂದಾಗುತ್ತವೆ. ಕೊನೆಯಲ್ಲಿ ಆರಿಸಿದ್ದೇ ಮೂಲ ತುಂಡು, ಹಾಗಾಗಿ ನೆಲವನ್ನು ಕೊನೆಗಿಡಬೇಕು. ತಪ್ಪಿ ಕದವೇ ಮೂಲವಾದರೆ ಬಾಗಿಲು ತೆರೆದಾಗ ಇಡೀ ಮನೆ ತಿರುಗುತ್ತದೆ! ಮಕ್ಕಳಿಗೆ ಅದು ಬಲು ಇಷ್ಟ, ಬಿಡಿ.

ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಇಷ್ಟನ್ನು ಮೊದಲು ಮಾಡಿಸಲಿ. ಕಂಬಕ್ಕೆ ಕೆತ್ತನೆ ಬೇಕೆನಿಸಿದಾಗ ಬ್ಲೆಂಡರ್ ತೆರೆಯಬಹುದು.

– ಕಂಪ್ಯೂಟರ್ ಶಿಕ್ಷಕರು, ವಿರಾಜಪೇಟೆ