ಸೇವಂತಿಗೆ ಒಯ್ದ ಮಗಳಿಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅಷ್ಟು ಬೇಜಾರಿನಲ್ಲಿ ಹೇಳುತ್ತಿದ್ದರೆ ನನಗೆ ನಗು ಬರುತ್ತಿತ್ತು. ಹೇಗೋ ತಡ್ಕೊಂಡೆ. ಗೆಳತಿಯ ಮನೆಗೆ ಊಟಕ್ಕೆ ಬರಿಗೈಯಲ್ಲಿ ಹೋಗಬಾರದು ಅಂತ ಹಳದಿ ಸೇವಂತಿಗೆಯ ಕುಂಡ ಕೊಂಡಿದ್ದೀಯ. ಅಂಗಡಿ ತುಂಬ ಅದೇ ಇತ್ತಂತೆ. ಬಾಗಿಲು ತೆಗೆದ ಗೆಳತಿಯ ತಾಯಿ ಕುಂಡ ನೋಡಿ ಒಂದು ಗಳಿಗೆ ಸುಮ್ಮನಾದರಂತೆ. ಫ್ರಾನ್ಸಿನಲ್ಲಿ ಅದು ಸಮಾಧಿಗೆ ಇಡುವ ಹೂವು ಅಂತ ನಿನಗೇನು ಕನಸು ಬಿದ್ದಿತ್ತಾ?

ನವೆಂಬರ್ 1 ಅವರಿಗೆ ಸಕಲ ಸಂತರ ಹಬ್ಬ. ಆಗ ತಮ್ಮ ಹಿರಿಯರ ಸಮಾಧಿಗೆ ಹೋಗಿ ಸೇವಂತಿಗೆ ಇಟ್ಟು ಬರುತ್ತಾರೆ. ಅಂಗಡಿ ತುಂಬ ಇದ್ದಿದ್ದೂ ಅದಕ್ಕೇ. ಆ ಚಳಿಗೆ ಬೇರೆ ಹೂವೆಲ್ಲ ಮುಗಿದಿರುತ್ತೆ, ಇದು ಮಾತ್ರ ಅರಳಿಕೊಂಡು ಹೊರಗಿಟ್ಟರೂ ತಡೆಯುತ್ತೆ. ಜಪಾನಿನಲ್ಲಿ ಇದೇ ಹೂವು, 16 ಎಸಳಿನದು, ಚಕ್ರವರ್ತಿಯ ಮನೆತನದ ಮುದ್ರೆ. ನಾವೋ, ದಸರಾ ಬಂತು ಅಂದರೆ ಮಾರುಗಟ್ಟಲೆ ತಂದು ದೇವರಿಗೂ ಹಾಕುತ್ತೇವೆ, ಸ್ಕೂಟರಿಗೂ ಹಾಕುತ್ತೇವೆ.

ನನಗೂ ಹೀಗೇ ಆಗಿತ್ತು. ತುಮಕೂರು ಕಡೆಯಿಂದ ಈ ಮಲೆನಾಡಿನ ಮನೆಗೆ ಬಂದ ಮೊದಲ ಶ್ರಾವಣ. ನಾಗರ ಪಂಚಮಿಗೆ ನಿನ್ನ ಅಜ್ಜಿ ಹಳ್ಳದ ಬದಿಯಿಂದ ಕೇದಗೆ ತರಿಸಿ ನಾಗರ ಕಲ್ಲಿಗೆ ಏರಿಸಿದರು. ಎಂಥಾ ಪರಿಮಳ ಅಂತೀಯ! ನನಗೋ ಹೊಸ ಸೊಸೆಯ ಉತ್ಸಾಹ. ಮುಂದಿನ ಸೋಮವಾರ ಶಿವನ ಪೂಜೆಗೆ ಅಂತ ನಾನೇ ಹಳ್ಳಕ್ಕೆ ಇಳಿದೆ. ಕೇದಗೆ ಎಲೆಯ ಅಂಚು ಥೇಟ್ ಗರಗಸ. ಮುಂಗೈ ಎಲ್ಲ ಗೀರಿಸಿಕೊಂಡು ಒಂದು ಹೂ ತಂದು ದೇವರ ಮುಂದಿಟ್ಟರೆ, ಅಜ್ಜಿ "ಅಯ್ಯೋ, ತೆಗಿಯೇ ಮಾರಾಯ್ತಿ!" ಅಂತ ಓಡಿ ಬಂದರು.

ಲಿಂಗದ ತುದಿ ನೋಡಿ ಬಂದೆ ಅಂತ ಬ್ರಹ್ಮ ಸುಳ್ಳು ಹೇಳಿದನಂತೆ, ಕೇದಗೆ ಅದಕ್ಕೆ ಸಾಕ್ಷಿ ನಿಂತಿತಂತೆ. ಅವತ್ತಿನಿಂದ ಶಿವನಿಗೆ ಅದು ಆಗಲ್ಲ. ಸುಳ್ಳು ಹೇಳಿದ ಬ್ರಹ್ಮನಿಗೂ ಗುಡಿ ಅಪರೂಪ ಆಯ್ತು ಅನ್ನು. ಅಜ್ಜಿ ಹಿತ್ತಲ ಬೇಲಿಯಿಂದ ನಾಲ್ಕು ತುಂಬೆ ಹೂ ಕಿತ್ತು ತಂದರು. ಅಕ್ಕಿಕಾಳಿನಷ್ಟು ಹೂವು, ಅವನಿಗೆ ಅದೇ ಪ್ರೀತಿ. ಕೇದಗೆಯನ್ನೇನೂ ಎಸೆಯಲಿಲ್ಲ. ಸಂಜೆ ಅದರ ಎಸಳು ನನ್ನ ಜಡೆಗೆ ಮುಡಿಸಿದರು. ಉಳಿದಿದ್ದನ್ನು ಸೀರೆ ಪೆಟ್ಟಿಗೆಯಲ್ಲಿ ಇಟ್ಟರು.

ಇನ್ನೊಂದು ನಿನಗೆ ಹೇಳಿರಲಿಲ್ಲ. ನಮ್ಮಪ್ಪ, ನಿನ್ನ ತಾತ, ತೀರಿಕೊಂಡಾಗ ಹಾರ ತರಲು ನಾನೇ ಹೋಗಿದ್ದೆ. ಹೂವಿನವನು ಸುಗಂಧರಾಜದ ಹಾರ ಕೈಯಲ್ಲಿ ಹಿಡಿದು, "ಮದುವೆಗಾ ಅಕ್ಕ, ಮಣ್ಣಿಗಾ?" ಅಂದ. ನನಗೆ ಬಾಯೇ ಬರಲಿಲ್ಲ. ಮುಖ ನೋಡಿ ಅವನಿಗೇ ಗೊತ್ತಾಯಿತು. ಕತ್ತರಿ ತಗೊಂಡು ಹಾರದ ತುದಿಯ ಜರಿ ಕುಚ್ಚು ಕತ್ತರಿಸಿ, ಹಾರವನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟ. ಹಾರ ಅದೇ, ಹೂವೂ ಅದೇ.

ಹೋದ ವರ್ಷ ನೀನೇ ಹೇಳಿದ್ದೆ ಅಲ್ವಾ, ಮೇ 1ಕ್ಕೆ ಅಲ್ಲಿ ಬೀದಿಬೀದಿಯಲ್ಲಿ ಮ್ಯುಗೆ ಅಂತ ಬಿಳಿ ಹೂ ಮಾರುತ್ತಾರೆ, ಕೊಟ್ಟವರಿಗೂ ತಗೊಂಡವರಿಗೂ ಒಳ್ಳೆಯದು ಅಂತಾರೆ, ಪುಟ್ಟ ಗಂಟೆಯಂಥ ಹೂವು 13 ಇರುವ ಕಡ್ಡಿ ಸಿಕ್ಕರಂತೂ ಅದೃಷ್ಟ ಅಂತ. ಅದನ್ನು ಒಯ್ದು ಕೊಡು. ಆದರೆ ಮೇ ತನಕ ಕಾಯಬೇಡ. ಈ ವಾರವೇ ಒಮ್ಮೆ ಅವರ ಮನೆಗೆ ಹೋಗು. ಆಯುಧಪೂಜೆಯ ಫೋಟೊ ಕಳಿಸಿದ್ದೆನಲ್ಲ, ಅಪ್ಪನ ಸ್ಕೂಟರಿಗೆ ಎರಡು ಮಾರು ಸೇವಂತಿಗೆ ಸುತ್ತಿ ಹೆಡ್‌ಲೈಟೇ ಕಾಣದ ಹಾಗೆ ಮಾಡಿದ್ದು, ಅದನ್ನು ತೋರಿಸು. ಅವರೂ ನಗಲಿ.

ನಿನ್ನ
ಅಮ್ಮ