ಲೇಸರ್‌ಗೆ ಮೊದಲು ಕಾರ್ನಿಯಾದ ನಕ್ಷೆ

ದಾವಣಗೆರೆ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಪರೀಕ್ಷೆ ಮುಗಿದ ಕೂಡಲೇ ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ, ಮಾಡಿಸಿಕೊಳ್ಳುತ್ತೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಬೇಡ ಎನ್ನಲು ಈ ಕಾಗದ ಬರೆಯುತ್ತಿಲ್ಲ. ಆದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ನಕ್ಷೆ ತೆಗೆಸದೆ, ಅದನ್ನು ವೈದ್ಯರು ಸಾವಧಾನವಾಗಿ ನೋಡದೆ, ಲೇಸರ್ ಯಂತ್ರದ ಕೆಳಗೆ ಮಲಗಬೇಡ.

ಮಂಡಿಪೇಟೆಯ ಹತ್ತಿರ ಮೂವತ್ತು ವರ್ಷ ಕನ್ನಡಕದ ಅಂಗಡಿ ನಡೆಸಿದವನು ನಾನು. ಕನ್ನಡಕದ ಪವರ್ ಅಳೆಯುವ ರೆಟಿನೋಸ್ಕೋಪಿನ ಬೆಳಕು ಆಡಿಸಿದರೆ ಕಣ್ಣಿನೊಳಗೆ ಕೆಂಪು ಪಟ್ಟಿಯೊಂದು ಒಟ್ಟಾಗಿ ಸರಿಯಬೇಕು. ಒಬ್ಬ ಹುಡುಗನ ಕಣ್ಣಿನಲ್ಲಿ ಅದು ಎರಡಾಗಿ ಸೀಳಿ, ಕತ್ತರಿಯ ಅಲಗುಗಳ ಹಾಗೆ ತೆರೆದು ಮುಚ್ಚುತ್ತಿತ್ತು. ವರ್ಷ ವರ್ಷವೂ ಅವನ ಸಿಲಿಂಡರ್ ಪವರ್, ಅಂದರೆ ಕಣ್ಣಿನ ಡೊಂಕನ್ನು ಸರಿದೂಗಿಸುವ ಪವರ್, ಏರುತ್ತಿತ್ತು, ನಾನು ಗಾಜು ಬದಲಿಸಿ ಕಳುಹಿಸುತ್ತಿದ್ದೆ. ಅದು ಕೆರಟೋಕೋನಸ್ ಎಂಬ ಕಾರ್ನಿಯಾದ ರೋಗದ ಗುರುತು ಎಂದು ನನಗೆ ಹೊಳೆಯಲಿಲ್ಲ. ಅವನು ಬೇರೆ ಊರಿನಲ್ಲಿ ಲೇಸಿಕ್ ಮಾಡಿಸಿಕೊಂಡ. ಎರಡು ವರ್ಷ ಕಳೆದ ಮೇಲೆ ಅಂಗಡಿಗೆ ಬಂದು, ಬೀದಿದೀಪಗಳೆಲ್ಲ ಎರಡೆರಡಾಗಿ ಕಾಣುತ್ತವೆ ಎಂದು ತಲೆ ತಗ್ಗಿಸಿ ಕೂತ. ಆ ಮುಖವನ್ನು ನಾನು ಮರೆತಿಲ್ಲ.

ಸೈಕಲ್ ಟ್ಯೂಬಿಗೆ ಗಾಳಿ ತುಂಬಿದಾಗ ಸವೆದ ಜಾಗವೇ ಉಬ್ಬುವುದನ್ನು ನೋಡಿದ್ದೀಯಲ್ಲ, ಈ ರೋಗವೂ ಹಾಗೆಯೇ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುತ್ತದೆ. ರೋಗವಿಲ್ಲದ ಕಾರ್ನಿಯಾದ ದಪ್ಪವೇ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಲೇಸಿಕ್‌ನಲ್ಲಿ ಮೇಲಿನ ಪದರವನ್ನು ಮಗುಚಿ, ಕೆಳಗಿನದನ್ನು ಲೇಸರ್‌ನಿಂದ ಸವೆಸುತ್ತಾರೆ. ಮೊದಲೇ ಬಲಹೀನವಾದ ಕಾರ್ನಿಯಾ ಆ ಮೇಲೆ ತಡೆಯುವುದಿಲ್ಲ. ಜರ್ಮನಿಯ ಕಣ್ಣಿನ ವೈದ್ಯ ಥಿಯೋ ಸೈಲರ್ ಇಂಥ ಪ್ರಕರಣಗಳನ್ನು 1998ರಲ್ಲೇ ವರದಿ ಮಾಡಿದ್ದರು.

ಉಂಗುರಗಳ ಪ್ರತಿಬಿಂಬ ನೋಡುವ ಹಳೆಯ ಯಂತ್ರ ಕಾರ್ನಿಯಾದ ಮುಂಬದಿಯನ್ನು ಮಾತ್ರ ಅಳೆಯುತ್ತದೆ. ಈ ರೋಗವೋ, ಬಹಳ ಸಲ ಹಿಂಬದಿಯಲ್ಲಿ ಮೊದಲು ತಲೆ ಎತ್ತುತ್ತದೆ. ಉಬ್ಬಿದ ಜಾಗದ ಮೇಲೆ ಹೊರಪದರ ತೆಳುವಾಗಿ, ಆ ಉಬ್ಬನ್ನೇ ಮರೆಮಾಚುತ್ತದೆ. ಪೆಂಟಾಕ್ಯಾಮ್‌ನಂಥ ಯಂತ್ರದ ಕ್ಯಾಮೆರಾ ಸುತ್ತುತ್ತಾ ಮುಂದು, ಹಿಂದು, ದಪ್ಪ ಮೂರನ್ನೂ ಹಿಡಿಯುತ್ತದೆ. ಹಿಂಬದಿಯ ನಕ್ಷೆ ಹೇಗಿದೆ, ಅತಿ ತೆಳುವಾದ ಜಾಗ ಎಲ್ಲಿದೆ, ಎರಡು ಕಣ್ಣುಗಳ ನಡುವೆ ವ್ಯತ್ಯಾಸ ಎಷ್ಟು ಎಂದು ಸಂಕೋಚವಿಲ್ಲದೆ ಕೇಳು. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಫೋನ್ ಮಾಡಿ ವಿಚಾರಿಸು. ಲೆನ್ಸ್ ಒತ್ತಿದ ಕಾರ್ನಿಯಾದ ನಕ್ಷೆಯನ್ನು ನಂಬುವಂತಿಲ್ಲ.

ಯುಗಾದಿಗೆ ಬಂದಾಗ ನೀನು ಜಗುಲಿಯ ಮೇಲೆ ಕೂತು ಬೆರಳ ಗೆಣ್ಣಿನಿಂದ ಕಣ್ಣು ತಿಕ್ಕುತ್ತಲೇ ಇದ್ದೆ. ಈ ಊರಿನ ಧೂಳು ನಿನಗೆ ಆಗುವುದಿಲ್ಲ, ಗೊತ್ತು. ತುರಿಕೆಗೆ ವೈದ್ಯರಿಂದ ಔಷಧ ಪಡೆ, ತಿಕ್ಕಬೇಡ ಮಗಳೇ. ತಿಕ್ಕುವುದು ಈ ರೋಗಕ್ಕೆ ದಾರಿ ಮಾಡಿಕೊಡುತ್ತದೆ.

ನಕ್ಷೆಯಲ್ಲಿ ರೋಗ ಕಂಡರೂ ದಾರಿ ಮುಚ್ಚುವುದಿಲ್ಲ. ರೈಬೋಫ್ಲೇವಿನ್ ಹನಿ ಹಾಕಿ, ಅತಿನೇರಳೆ ಕಿರಣ ಬಿಟ್ಟು ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಇದೆ. ಅದು ಕನ್ನಡಕ ಬಿಡಿಸುವ ಚಿಕಿತ್ಸೆಯಲ್ಲ, ಕೆಡುವುದನ್ನು ತಡೆಯುವ ಚಿಕಿತ್ಸೆ.

ನಿನ್ನ ಹಳೆಯ ಕನ್ನಡಕದ ಚೀಟಿಗಳೆಲ್ಲ ನನ್ನ ಮೇಜಿನ ಡ್ರಾಯರಿನಲ್ಲಿವೆ. ನಿನ್ನೆ ರಾತ್ರಿ ತೆಗೆದು ನೋಡಿದೆ. ಬಲಗಣ್ಣಿನ ಸಿಲಿಂಡರ್ ಎರಡು ವರ್ಷದಲ್ಲಿ 0.75ರಿಂದ 2.00ಕ್ಕೆ ಏರಿದೆ. ಎಡಗಣ್ಣಿನದು ಇದ್ದಲ್ಲೇ ಇದೆ. ಶನಿವಾರ ಬಾ, ಚೀಟಿಗಳನ್ನು ಹಿಡಿದುಕೊಂಡು ನಾನೂ ನಿನ್ನ ಜೊತೆ ಆಸ್ಪತ್ರೆಗೆ ಬರುತ್ತೇನೆ.

ಇಂತಿ,
ನಿನ್ನ ಮಾವ