ಅತ್ತೆಯನ್ನು ಹೊಗಳಬೇಡ ಕೂಸೇ

ಪ್ರೀತಿಯ ಕೂಸೇ,

ತೀರಿಕೊಂಡ ನಿನ್ನ ಅತ್ತೆಯ ಬಗ್ಗೆ ನೀನು ಬರೆದದ್ದು ತಲುಪಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ. "ಎಷ್ಟು ಬರೆದರೂ ಅತ್ತೆ ಇದರೊಳಗೆ ಬರ್ತಾನೇ ಇಲ್ಲ, ನನಗೆ ಬರೆಯೋಕೆ ಬರಲ್ಲ ಅನ್ಸತ್ತೆ, ಬಿಟ್ಟುಬಿಡ್ತೀನಿ" ಅಂತ ಬರೆದಿದ್ದೀಯ. ಅವರು ಬರುತ್ತಿಲ್ಲ ಅಂತ ನಿನಗೇ ಗೊತ್ತಾಯಿತಲ್ಲ, ಅಷ್ಟು ಗೊತ್ತಾಗುವವರು ಬರೆಯುವುದನ್ನು ಬಿಡಬಾರದು. ಅದಕ್ಕೇ ಇಷ್ಟುದ್ದ ಬರೆಯಲು ಕೂತೆ.

ಏನು ಹೆಸರಿಡಲಿ, ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಲಿ ಅಂತೆಲ್ಲ ಕೇಳಿದ್ದೀಯ. ಅವೆಲ್ಲ ಆಮೇಲೆ ನೋಡಿಕೊಳ್ಳೋಣ. ನನ್ನ ತಕರಾರು ಒಂದೇ. ನೀನು ಅವರನ್ನು ತುಂಬಾ ಹೊಗಳಿದ್ದೀಯ.

ಮೊದಲ ಪುಟ ತೆಗೆದು ನೋಡು. ಸರಳ ಜೀವಿ, ಸದಾ ನಗುಮೊಗ, ನಿಸ್ವಾರ್ಥ ಸೇವೆ, ತುಂಬಲಾರದ ನಷ್ಟ. ನಮ್ಮ ಜಿಲ್ಲೆಯ ಯಾವ ನುಡಿನಮನದ ಸಭೆಗೆ ಹೋದರೂ ಇವೇ ಮಾತು. ಸೊಸೈಟಿ ಅಧ್ಯಕ್ಷರು ತೀರಿಕೊಂಡಾಗಲೂ ಇದೇ, ನಿವೃತ್ತ ಮೇಷ್ಟ್ರು ತೀರಿಕೊಂಡಾಗಲೂ ಇದೇ. ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಫೋಟೋಗೆ ಹಾಕಿದ ಹಾರ ದಪ್ಪವಾಗಿ ಮುಖವೇ ಮುಚ್ಚಿಹೋಗಿರುತ್ತದಲ್ಲ, ಹಾಗಾಗಿದೆ ನಿನ್ನ ಮೊದಲ ಪುಟ.

ಹೊಗಳಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅವರು ಒಳ್ಳೆಯವರೇ. ಆದರೆ ಒಳ್ಳೆಯವರು ಅಂತ ನೀನೇ ಮೊದಲು ಹೇಳಿ ಮುಗಿಸಿದರೆ ಓದುವವರಿಗೆ ಅವರನ್ನು ಕಂಡುಕೊಳ್ಳಲು ಜಾಗವೇ ಇರುವುದಿಲ್ಲ.

ಎರಡನೇ ಪುಟದಲ್ಲಿ "ಮಂಗನ ಕಾಯಿಲೆ ಬಂದಾಗ ಜನರಲ್ಲಿ ಜಾಗೃತಿ ಮೂಡಿಸಿದರು" ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಇಲ್ಲಿ ನನಗೆ ಸಿಟ್ಟೇ ಬಂತು. ಅಲ್ಲ ಮಾರಾಯ್ತಿ, ಹೇಗೆ ಮೂಡಿಸಿದರು? ಯಾರಲ್ಲಿ? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹತ್ತಿ, ಈ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ. 2018ರ ಕೊನೆಯಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮತ್ತೆ ಜೋರಾಗಿ ಕಾಣಿಸಿಕೊಂಡು 2019ರಲ್ಲೂ ಜೀವ ತೆಗೆಯಿತು. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಚ್ಚಿ ಬರುವ ರೋಗ. ಮಳೆ ನಿಂತು ಕಾಡು ಒಣಗುತ್ತಾ ಬಂದ ಹಾಗೆ ಶುರುವಾಗಿ ಬೇಸಿಗೆ ಮುಗಿಯುವ ತನಕ ಕಾಟ ಕೊಡುತ್ತದೆ. ನಮ್ಮ ಕಡೆಯವರು ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರಲು ಬೆಟ್ಟಕ್ಕೆ ಹೋಗುವುದೂ ಆ ತಿಂಗಳುಗಳಲ್ಲೇ. ಅಂಥವರ ಕೈಗೆ "ಕಾಡಿಗೆ ಹೋಗಬೇಡಿ" ಅಂತ ಅಚ್ಚು ಹಾಕಿದ ಕಾಗದ ಕೊಟ್ಟರೆ ಏನು ಪ್ರಯೋಜನ? ಹೋಗದಿದ್ದರೆ ಕೊಟ್ಟಿಗೆಗೆ ಏನು ಹಾಸುವುದು, ತೋಟಕ್ಕೆ ಗೊಬ್ಬರ ಎಲ್ಲಿಂದ ತರುವುದು?

ನಿನ್ನ ಅತ್ತೆ ಬರೆದ ಕರಪತ್ರ ನಾನು ಓದಿದ್ದೇನೆ. ಹೋಗಬೇಡಿ ಅನ್ನುವ ಮಾತೇ ಅದರಲ್ಲಿರಲಿಲ್ಲ. ಹೊರಡುವ ಮುಂಚೆ ಆಸ್ಪತ್ರೆಯಲ್ಲಿ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮೈ ತುಂಬಾ ಬಟ್ಟೆ ಹಾಕಿಕೊಳ್ಳಿ, ವಾಪಸ್ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿ, ಮಂಗ ಸತ್ತದ್ದು ಕಂಡರೆ ಮುಟ್ಟದೆ ಆಸ್ಪತ್ರೆಗೆ ಹೇಳಿ. ಅದನ್ನು ಬರೆಯುವ ಮುಂಚೆ ದರಗಿಗೆ ಹೋಗುವ ಹೆಂಗಸರ ಜೊತೆ ಜಗಲಿಯಲ್ಲಿ ಕೂತು, ಎಷ್ಟು ಹೊತ್ತಿಗೆ ಹೋಗ್ತೀರಿ, ಏನು ಉಟ್ಟುಕೊಂಡು ಹೋಗ್ತೀರಿ, ಸುಸ್ತಾದರೆ ಎಲ್ಲಿ ಕೂರ್ತೀರಿ ಅಂತ ಒಂದೊಂದೇ ಕೇಳಿಕೊಂಡು ಬಂದಿದ್ದರು. ಹಾಗಾಗಿ "ಎಲೆ ಅಡಿಕೆ ಹಾಕಲು ದರಗಿನ ಮೇಲೆ ಕೂರಬೇಡಿ" ಅನ್ನುವ ಸಾಲು ಅದರಲ್ಲಿತ್ತು. ಕಚೇರಿಯ ಕುರ್ಚಿಯಲ್ಲಿ ಕೂತವರಿಗೆ ಈ ಸಾಲು ಹೊಳೆಯುತ್ತದಾ ಹೇಳು. ನೀನು ಇದೊಂದನ್ನು ಬರೆದಿದ್ದರೆ ಜಾಗೃತಿ ಅನ್ನುವ ಪದವೇ ಬೇಕಿರಲಿಲ್ಲ.

ಅವರ ಉದ್ಯೋಗದ ಬಗ್ಗೆಯೂ ಹೀಗೇ. "ಸಂವಹನ ಕ್ಷೇತ್ರದಲ್ಲಿ ಅಪಾರ ಸಾಧನೆ" ಅಂದಿದ್ದೀಯ. ದಿನಾ ಅವರು ಮಾಡುತ್ತಿದ್ದದ್ದು ಏನು? ಪತ್ರಿಕೆಗಳಿಗೆ ಪ್ರಕಟಣೆ ಬರೆಯುವುದು, ಇಂಗ್ಲಿಷಿನಲ್ಲಿ ಬಂದ ಸುತ್ತೋಲೆಯನ್ನು ನಾಲ್ಕು ಜನಕ್ಕೆ ತಿಳಿಯುವ ಹಾಗೆ ಮಾಡುವುದು, ಭದ್ರಾವತಿ ಆಕಾಶವಾಣಿಗೆ ಮಾತು ಬರೆದುಕೊಡುವುದು. 1965ರಲ್ಲಿ ಶುರುವಾದ ಆ ಕೇಂದ್ರ ನಮ್ಮ ಕಡೆಯ ಅಡುಗೆಮನೆಗಳಲ್ಲಿ, ಅಡಿಕೆ ಸುಲಿಯುವ ಚಪ್ಪರಗಳಲ್ಲಿ ಎಷ್ಟು ಕಾಲದಿಂದ ಮಾತಾಡಿಕೊಂಡು ಬಂದಿದೆ ನೋಡು. ಅಡಿಕೆ ಸುಲಿಯುತ್ತಾ ರೇಡಿಯೋ ಕೇಳುವವರು ಅರ್ಥವಾಗದಿದ್ದರೆ ಪುಟ ಹಿಂದೆ ತಿರುವಲು ಆಗುವುದಿಲ್ಲ. ಅದಕ್ಕೇ ಅವರು ಬರೆದದ್ದನ್ನು ಮೊದಲು ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆಯೆಲ್ಲ ಹೊಡೆದು ಹಾಕುತ್ತಿದ್ದರು. ನಿನ್ನ ಮೊದಲ ಪುಟವನ್ನು ಹಾಗೆ ಒಮ್ಮೆ ಗಟ್ಟಿಯಾಗಿ ಓದು.

ನನಗೊಂದು ಹಳೇ ಸಿಟ್ಟಿದೆ, ಇವತ್ತಿಗೂ ಇಳಿದಿಲ್ಲ. ನನ್ನ ಗೆಳೆಯನೊಬ್ಬ ಪ್ರೆಸ್ ಇಟ್ಟುಕೊಂಡಿದ್ದ, ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದ ಪ್ರೆಸ್. ಮಹಾ ಕೋಪಿಷ್ಠ. ಮದುವೆ ಕಾಗದದಲ್ಲಿ ತಪ್ಪು ಬರೆದುಕೊಂಡು ಬಂದವರನ್ನು ಬೈದು, ಆಮೇಲೆ ತಾನೇ ರಾತ್ರಿ ಕೂತು ತಿದ್ದಿ ಬೆಳಗಾಗುವಷ್ಟರಲ್ಲಿ ಅಚ್ಚು ಹಾಕಿ ಕೊಡುತ್ತಿದ್ದ. ಅವನು ಹೋದ ಮೇಲೆ ಒಂದು ಸ್ಮರಣ ಸಂಚಿಕೆಗೆ ಇದನ್ನೆಲ್ಲ ಬರೆದುಕೊಟ್ಟೆ. ಸಂಪಾದಕರು ಬೈಗುಳದ ಭಾಗ ತೆಗೆದುಹಾಕಿ, ನನ್ನನ್ನು ಒಂದು ಮಾತೂ ಕೇಳದೆ, "ಮೃದುಭಾಷಿ" ಅಂತ ಸೇರಿಸಿಬಿಟ್ಟರು. ಅವನ ಹೆಂಡತಿ ಅದನ್ನು ಓದಿ, "ಇದು ನಮ್ಮನೆಯವರ ಬಗ್ಗೆ ಅಲ್ಲ ಅಲ್ವಾ?" ಅಂದರು. ಆ ಮಾತು ಕೇಳಿ ನನಗಾದ ಸಂಕಟ ನಿನಗೆ ಹೇಗೆ ಹೇಳಲಿ. ಸತ್ತವರನ್ನು ಇನ್ನೊಮ್ಮೆ ಕಳೆದುಕೊಂಡ ಹಾಗಾಯಿತು ಆ ಹೆಂಗಸಿಗೆ.

ನೀನೂ "ಅತ್ತೆ ಯಾರ ಮೇಲೂ ಸಿಟ್ಟಾದವರಲ್ಲ" ಅಂತ ಬರೆದಿದ್ದೀಯ. ನಿಜವಾ? ಸಾಗರದಲ್ಲಿ ಒಂದು ರಕ್ತದಾನ ಶಿಬಿರ ನಡೆದಾಗ ನಾನೂ ಅಲ್ಲಿದ್ದೆ. ಮುಖ್ಯ ಅತಿಥಿ ಬಂದಿರಲಿಲ್ಲ. ದೀಪ ಹಚ್ಚುವ ತನಕ ಯಾರೂ ರಕ್ತ ಕೊಡಲು ಮಲಗುವ ಹಾಗಿಲ್ಲ ಅಂತ ಕಾಲೇಜು ಹುಡುಗರನ್ನೆಲ್ಲ ಬಿಸಿಲಲ್ಲಿ ಕಾಯಿಸುತ್ತಿದ್ದರು. ನಿನ್ನ ಅತ್ತೆ ನೋಡುವಷ್ಟು ನೋಡಿ ಎದ್ದು ಬಂದರು. ವೇದಿಕೆ ಮೇಲಿದ್ದವರಿಗೆ ಕೇಳುವ ಹಾಗೆ, "ದೀಪ ಎಷ್ಟು ಹೊತ್ತಿಗೆ ಬೇಕಾದರೂ ಹಚ್ಚಿ, ಈ ಮಕ್ಕಳು ತಿಂಡಿ ತಿಂದು ಬಂದು ಎಷ್ಟು ಹೊತ್ತಾಯಿತು ಗೊತ್ತಾ?" ಅಂತ ಗದರಿ, ಹುಡುಗರನ್ನು ಒಳಗೆ ಕಳಿಸಿಬಿಟ್ಟರು. ಆ ದಿನದ ಫೋಟೋದಲ್ಲಿ ಅವರಿಲ್ಲ. ಇಂಥದ್ದು ನಿನಗೆ ನನಗಿಂತ ಜಾಸ್ತಿ ಗೊತ್ತಿರಬೇಕು, ಮನೆಯವಳು ನೀನು. ಅತ್ತೆಗೆ ಅವಮಾನ ಆಗುತ್ತದೆ ಅಂತ ಮುಚ್ಚಿಟ್ಟೆಯಾ? ಆ ಸಿಟ್ಟು ಅವರ ಕೆಲಸದ ಭಾಗವೇ ಆಗಿತ್ತು ಕೂಸೇ.

ಈಗ ಸಂತೋಷದ ಮಾತು. ನಾಲ್ಕನೇ ಪುಟದಲ್ಲಿ ಅವರ ನೋಟ್‌ಬುಕ್ ಬಗ್ಗೆ ಬರೆದಿದ್ದೀಯಲ್ಲ, ರಕ್ತ ಕೊಡುವವರ ಹೆಸರು, ಗುಂಪು, ಕೊನೆಯ ಸಲ ಕೊಟ್ಟ ತಾರೀಖು, ಪಕ್ಕದಲ್ಲಿ "ರಾತ್ರಿ ಫೋನ್ ಬೇಡ, ಮಗು ಚಿಕ್ಕದು" ಅನ್ನುವ ಟಿಪ್ಪಣಿ. ಅದನ್ನು ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಅಲ್ಲಿ ಅವರು ಬಂದಿದ್ದಾರೆ! ಒಂದೇ ಒಂದು ಹೊಗಳಿಕೆ ಇಲ್ಲ ಅಲ್ಲಿ, ನೋಡಿಕೋ. ಆದರೆ ಆರು ಸಾಲಿಗೆ ಮುಗಿಸಿದ್ದೀಯ. ಅದನ್ನು ಬೆಳೆಸು. ರಕ್ತ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಡೆಂಗಿ ಜೋರಾದವರಿಗೆ ಬೇಕಾಗಬಹುದಾದ ಪ್ಲೇಟ್ಲೆಟ್ ಅನ್ನುವ ರಕ್ತದ ಅಂಶವನ್ನಂತೂ ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಹಾಗಾಗಿ ವರ್ಷಕ್ಕೊಂದು ದೊಡ್ಡ ಶಿಬಿರ ಮಾಡಿ ಬ್ಯಾನರ್ ಕಟ್ಟಿದರೆ ಮಳೆಗಾಲದಲ್ಲಿ ಡೆಂಗಿ ಬಂದವರಿಗೆ ಅದರಿಂದ ಏನೂ ಆಗುವುದಿಲ್ಲ. ಯಾರನ್ನು ಯಾವಾಗ ಕರೆಯಬಹುದು ಅಂತ ಗೊತ್ತಿರುವ ಒಬ್ಬರು, ಮಧ್ಯರಾತ್ರಿ ಫೋನ್ ಎತ್ತುವವರು ಬೇಕು. ಆ ತಾರೀಖಿನ ಕಾಲಂ ಯಾಕೆ ಇತ್ತು ಅನ್ನುವುದನ್ನು ನೀನು ಹೇಳದಿದ್ದರೆ ಓದುವವರಿಗೆ ಅದು ಬರೀ ಲೆಕ್ಕದ ಪುಸ್ತಕ.

ಶರಾವತಿ ಹಿನ್ನೀರಿನ ಆಚೆ ಇರುವ ತುಮರಿ ಕಡೆಯವರ ವಿಷಯವೂ ಅಷ್ಟೇ. "ಹಿನ್ನೀರಿನ ಜನರಿಗೂ ನೆರವಾದರು" ಅಂದಿದ್ದೀಯ. ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿಯ ತನಕ ಆ ಕಡೆಯವರು ಸಾಗರಕ್ಕೆ ಬೇಗ ಬರಬೇಕೆಂದರೆ ಹಿನ್ನೀರು ದಾಟಿಸುವ ಲಾಂಚೇ ಗತಿ, ಸಂಜೆ ಕೊನೇ ಲಾಂಚ್ ತಪ್ಪಿದರೆ ಸುತ್ತು ಬಳಸಿ ಬರಬೇಕು. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರು ಯಾಕೆ ಗಡಿಯಾರ ನೋಡುತ್ತಿದ್ದಾರೆ ಅಂತ ನಿನ್ನ ಅತ್ತೆಗೆ ಅರ್ಥವಾಗುತ್ತಿತ್ತು, ಅವರು ಆ ವೇಳಾಪಟ್ಟಿ ಬಾಯಿಪಾಠ ಮಾಡಿದ್ದರು. ಇನ್ನು ಕೆಲವು ವರ್ಷ ಹೋದರೆ ಸೇತುವೆ ಮೇಲೆ ಓಡಾಡಿ ಬೆಳೆದ ಮಕ್ಕಳಿಗೆ ಈ ಕಷ್ಟ ತಿಳಿಯುವುದೇ ಇಲ್ಲ. ಈಗಲೇ ಬರೆದಿಡು.

2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬೀದಿಗಳಿಗೆ ನುಗ್ಗಿದಾಗ, ವಾಟ್ಸಾಪಿನಲ್ಲಿ ಬಂದ ಒಂದೊಂದು ಸುದ್ದಿಗೂ ಅಲ್ಲಿಯವರಿಗೇ ಫೋನ್ ಮಾಡಿ ಕೇಳಿ, ಇದು ನಿಜ ಇದು ಸುಳ್ಳು ಅಂತ ಎಲ್ಲರಿಗೂ ತಿಳಿಸುತ್ತಿದ್ದರು ಅಂತ ಬರೆದಿದ್ದೀಯ. ಇದೂ ಒಂದೇ ವಾಕ್ಯ! ಆವತ್ತು ನೀನು ಪಕ್ಕದಲ್ಲೇ ಇದ್ದೆಯಂತೆ. ಯಾವ ಸುದ್ದಿ ಬಂತು, ಯಾರಿಗೆ ಫೋನ್ ಮಾಡಿದರು, ಊಟ ಯಾವಾಗ ಮಾಡಿದರು, ಎಲ್ಲ ನೆನಪು ಮಾಡಿಕೋ.

ಸಂಘದವರು ಸ್ಮರಣ ಸಂಚಿಕೆಗೆ ಎರಡು ಪುಟ ಕೇಳಿದ್ದಾರೆ, ತಿಂಗಳ ಕೊನೆಗೆ ಕೊಡಬೇಕು ಅಂದಿದ್ದೀಯ. ಅವರಿಗೆ ನೋಟ್‌ಬುಕ್ ಭಾಗ ಮಾತ್ರ ಕೊಡು. ಒಂದು ಪದ ಸೇರಿಸಿದರೂ ವಾಪಸ್ ತಗೋತೀನಿ ಅಂತ ಮೊದಲೇ ಹೇಳಿಬಿಡು, ಸಂಕೋಚ ಬೇಡ. ಉಳಿದದ್ದಕ್ಕೆ ಅವಸರ ಮಾಡಬೇಡ. ಮೊದಲು ಅರಳಗೋಡಿಗೆ ಹೋಗಿ, ಜಗಲಿಯಲ್ಲಿ ಅತ್ತೆ ಜೊತೆ ಕೂತು ಮಾತಾಡಿದ ಹೆಂಗಸರನ್ನು ಹುಡುಕಿ ಕೇಳಿಕೊಂಡು ಬಾ. ಬರುವಾಗ ಸಾಗರದಲ್ಲಿ ಇಳಿದು ಮನೆಗೆ ಬಾ, ಊಟ ಮಾಡಿಕೊಂಡು ಹೋಗುವೆಯಂತೆ. ಬರೆದದ್ದನ್ನು ತರುವುದು ಮರೆಯಬೇಡ.